ಉಲಿಯಕ್ಕಿಗೆ ಅಪಾಯವಿಲ್ಲವಂತೆ, ನಿಮ್ಮ ಹೊಲದ ಉಲಿಯಕ್ಕಿಗೆ?

ಮುಂಗಾರಿನ ಮೆಕ್ಕೆಜೋಳ ಮೊಣಕಾಲುದ್ದ ಬಂದಿದೆ. ಸುಳಿಯೊಳಗೆ ಮರದ ಪುಡಿಯಂಥ ಲದ್ದಿ ಕಾಣಿಸಿಕೊಳ್ಳೋಕೆ ಶುರುವಾಗಿದೆ. ಈ ವಾರ ಬಂದ ಫೋನುಗಳಲ್ಲಿ ಹೆಚ್ಚಿನವು "ಯಾವ ಔಷಧಿ ಹೊಡೀಬೇಕು, ಲೀಟರಿಗೆ ಎಷ್ಟು ಹಾಕಬೇಕು" ಅನ್ನೋದೇ. ಅದಕ್ಕೆ ಆಮೇಲೆ ಬರ್ತೀನಿ. ಒಂದು ಫೋನು ಮಾತ್ರ ಬೇರೆ ಥರದ್ದಿತ್ತು. ಬದುವಿನ ಬೇಲಿ ಕೀಳಬೇಡಿ, ಅದರಲ್ಲಿ ಹುಳ ತಿನ್ನೋ ಸಣ್ಣ ಹಕ್ಕಿಗಳು ಗೂಡು ಕಟ್ಟುತ್ತವೆ ಅಂತ ಹಿಂದೊಮ್ಮೆ ನಾನು ಬರೆದಿದ್ದೆ. ಅದನ್ನು ಓದಿದ ಯುವಕರೊಬ್ಬರು ಕೇಳಿದ್ದು ಇಷ್ಟು: "ಸಾರ್, ನೀವು ಹೇಳಿದ ಉಲಿಯಕ್ಕಿ ಬಗ್ಗೆ ನೋಡಿದೆ. ಅಳಿವಿನ ಪಟ್ಟಿಯಲ್ಲಿ ಅದಕ್ಕೆ ಲೀಸ್ಟ್ ಕನ್ಸರ್ನ್ ಅಂತ ಕೊಟ್ಟಿದ್ದಾರೆ. ಸಂಖ್ಯೆನೂ ಚೆನ್ನಾಗೇ ಇದೆಯಂತೆ. ಮತ್ತೆ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು?"

ಪ್ರಶ್ನೆ ನ್ಯಾಯವಾದದ್ದೇ. ಅವರು ಹೇಳಿದ ಎರಡೂ ಮಾತು ನಿಜ. ಆದರೂ ತಲೆ ಕೆಡಿಸಿಕೊಳ್ಳಬೇಕು ಅನ್ನೋದು ನನ್ನ ವಾದ. ಯಾಕೆ ಅಂತ ಹೇಳೋಕೆ ಈ ವಾರದ ಲೇಖನ.

ಮೊದಲು ಹಕ್ಕಿಯ ಪರಿಚಯ ಆಗಲಿ. ಪುಸ್ತಕದಲ್ಲಿ ಇದನ್ನು ಬೂದು ಉಲಿಯಕ್ಕಿ ಅಂತಾರೆ, ಇಂಗ್ಲಿಷಿನಲ್ಲಿ ಆಶಿ ಪ್ರಿನಿಯಾ. ನಮ್ಮ ಕಡೆ ಇದಕ್ಕೆ ಬೇರೆ ಹೆಸರೇ ಇಲ್ಲ, ಸಣ್ಣದೆಲ್ಲ ಗುಬ್ಬಿಯೇ. ಗುಬ್ಬಿಗಿಂತ ಸಣ್ಣದು, ಹತ್ತು ಗ್ರಾಂ ಕೂಡ ತೂಗಲಿಕ್ಕಿಲ್ಲ. ತಲೆ ಮತ್ತು ಬೆನ್ನು ಬೂದಿ ಬಣ್ಣ, ರೆಕ್ಕೆ ತಾಮ್ರದ ಕಂದು, ಹೊಟ್ಟೆ ಕೆನೆ ಬಣ್ಣ, ಕಣ್ಣು ಕೆಂಪು. ಮೈಗೆ ಹೋಲಿಸಿದರೆ ಬಾಲವೇ ಉದ್ದ, ಅದನ್ನು ಸದಾ ಮೇಲಕ್ಕೆತ್ತಿ ಅಲ್ಲಾಡಿಸ್ತಿರ್ತದೆ. ನೋಡೋದಕ್ಕಿಂತ ಮೊದಲು ಕಿವಿಗೆ ಬೀಳೋ ಹಕ್ಕಿ ಇದು. ಬೇಲಿಯ ತುದಿಗೆ ಹತ್ತಿ "ಜಿಮ್ಮಿ-ಜಿಮ್ಮಿ-ಜಿಮ್ಮಿ" ಅಂತ ಒಂದೇ ಸಮನೆ ಕೂಗ್ತದೆ. ಗಾಬರಿಯಾಗಿ ಒಂದು ಗಿಡದಿಂದ ಇನ್ನೊಂದಕ್ಕೆ ಹಾರುವಾಗ ಕರೆಂಟ್ ತಂತಿ ಕಿಡಿ ಹಾರಿಸಿದ ಹಾಗೆ ಚಟ್ ಚಟ್ ಅಂತ ಸದ್ದು ಬರ್ತದೆ. ಒಮ್ಮೆ ಈ ಸದ್ದು ಗುರುತಾದರೆ ಮತ್ತೆ ಮರೆಯೋದಿಲ್ಲ.

ಎಲೆ ಹೊಲಿಯೋ ಹಕ್ಕಿ ಅಂದರೆ ಎಲ್ಲರಿಗೂ ಸಿಂಪಿಗನೇ ನೆನಪಿಗೆ ಬರ್ತದೆ. ಉಲಿಯಕ್ಕಿಯೂ ಹೊಲೀತದೆ. ಕೆಲವು ಸಲ ಅಗಲ ಎಲೆ ಸೇರಿಸಿ ಹೊಲಿದು ಒಳಗೆ ಹುಲ್ಲು ತುಂಬ್ತದೆ, ಕೆಲವು ಸಲ ಹುಲ್ಲಿನಲ್ಲೇ ಚೀಲದಂತೆ ನೇಯ್ತದೆ. ಗೂಡು ಎಲ್ಲಿರ್ತದೆ ಅನ್ನೋದು ಮುಖ್ಯ. ಮರದ ಮೇಲಲ್ಲ, ನೆಲಕ್ಕೆ ಹತ್ತಿರ, ಪೊದೆಯಲ್ಲಿ ಅಥವಾ ಎತ್ತರದ ಹುಲ್ಲಿನಲ್ಲಿ. ಮೂರರಿಂದ ಐದು ಮೊಟ್ಟೆ, ಹೊಳೆಯೋ ಇಟ್ಟಿಗೆ ಕೆಂಪು ಬಣ್ಣದವು. ಇಷ್ಟು ಸಣ್ಣ ಹಕ್ಕಿಗೆ ಇಂಥ ಗಾಢ ಬಣ್ಣದ ಮೊಟ್ಟೆ ಹೇಗೆ ಬಂತೋ ಅಂತ ನನಗೆ ಪ್ರತಿ ಸಲ ಆಶ್ಚರ್ಯ ಆಗ್ತದೆ. ಮರಿಯಾಗೋಕೆ ಸುಮಾರು 12 ದಿನ. ಗೂಡು ಕಟ್ಟೋದು, ಮೊಟ್ಟೆ, ಮರಿ ಬಲಿಯೋದು ಎಲ್ಲ ಸೇರಿದರೆ ಹೆಚ್ಚುಕಡಿಮೆ ಒಂದು ತಿಂಗಳ ಸಂಸಾರ. ನಮ್ಮ ಕಡೆ ಇದು ಹೆಚ್ಚಾಗಿ ನಡೆಯೋದು ಮಳೆ ಬಿದ್ದ ಮೇಲೆ, ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ನಾವು ಕಳೆ ತೆಗೆಸಿ, ಬದು ಹೆರೆಸಿ, ಔಷಧಿ ಹೊಡೆಯೋ ಅದೇ ತಿಂಗಳುಗಳು.

ಇನ್ನೊಂದು ಮಾತು, ಸುಮ್ಮನೆ ತಿಳಿದಿರಲಿ ಅಂತ. ಈ ಹಕ್ಕಿಯನ್ನು ವಿಜ್ಞಾನದ ದಾಖಲೆಗೆ ಸೇರಿಸಿದ್ದು ಕರ್ನಲ್ ಸೈಕ್ಸ್ ಅನ್ನೋ ಬ್ರಿಟಿಷ್ ಅಧಿಕಾರಿ, 1832ರಲ್ಲಿ, ದಖ್ಖನ್ನಿನ ಹಕ್ಕಿಗಳ ಪಟ್ಟಿ ಮಾಡುವಾಗ. ಅವನ ಕೆಲಸ ಇದ್ದದ್ದು ಅಂಕಿಅಂಶ ಸಂಗ್ರಹಿಸೋದು. ಹೊರಗಿನಿಂದ ಬಂದವನು ಹೆಸರಿಟ್ಟು ಬರೆದಿಟ್ಟ. ಅದರ ಜೊತೆಗೇ ಉಳುಮೆ ಮಾಡ್ತಾ ಬಂದ ನಾವು ಅದನ್ನು ಗುಬ್ಬಿ ಲೆಕ್ಕಕ್ಕೆ ಸೇರಿಸಿ ಬಿಟ್ಟೆವು.

ಪಟ್ಟಿ ಕೇಳೋ ಪ್ರಶ್ನೆಯೇ ಬೇರೆ

ಅಳಿವಿನ ಪಟ್ಟಿ ಅಂತ ನಾವು ಕರೆಯೋದು ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯನ್ನು. 1964ರಿಂದ ನಡೆದುಬಂದದ್ದು. ಅದು ಕೇಳೋ ಪ್ರಶ್ನೆ ಒಂದೇ: ಈ ಜಾತಿ ಭೂಮಿಯ ಮೇಲಿಂದಲೇ ಅಳಿದು ಹೋಗೋ ಸಾಧ್ಯತೆ ಎಷ್ಟು? ಅದಕ್ಕೆ ಅಳತೆಗೋಲುಗಳಿವೆ. ಹತ್ತು ವರ್ಷದಲ್ಲಿ ಅಥವಾ ಮೂರು ತಲೆಮಾರಿನಲ್ಲಿ, ಯಾವುದು ಹೆಚ್ಚೋ ಅಷ್ಟರಲ್ಲಿ, ಸಂಖ್ಯೆ ನೂರಕ್ಕೆ 30ರಷ್ಟು ಇಳಿದರೆ ಅಪಾಯದ ಮೊದಲ ಮೆಟ್ಟಿಲು. ಹರಡಿರುವ ಪ್ರದೇಶ 20,000 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದು ಜೊತೆಗೆ ಬೇರೆ ತೊಂದರೆಗಳಿದ್ದರೂ ಹಾಗೆಯೇ. ಉಲಿಯಕ್ಕಿ ಪಾಕಿಸ್ತಾನದಿಂದ ಹಿಡಿದು ಭಾರತ, ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮ್ಯಾನ್ಮಾರ್‌ವರೆಗೆ ಹರಡಿದೆ. ಅಂಥ ಹಕ್ಕಿಗೆ "ಸದ್ಯಕ್ಕೆ ಆತಂಕ ಬೇಡ" ಅನ್ನೋ ದರ್ಜೆ ಸಿಗೋದು ಸರಿಯಾಗೇ ಇದೆ. ಪಟ್ಟಿಯವರು ತಪ್ಪು ಮಾಡಿಲ್ಲ.

ಆದರೆ ನಮ್ಮ ಪ್ರಶ್ನೆ ಅದಲ್ಲವಲ್ಲ. ಉಲಿಯಕ್ಕಿ ಭೂಮಿಯ ಮೇಲೆ ಇರ್ತದೋ ಇಲ್ಲವೋ ಅನ್ನೋದು ರೈತನಿಗೆ ದೂರದ ಮಾತು. ನನ್ನ ನಾಲ್ಕು ಎಕರೆಯಲ್ಲಿ ಅದು ಇದೆಯೋ ಇಲ್ಲವೋ ಅನ್ನೋದು ಹತ್ತಿರದ ಮಾತು. ರಾಜ್ಯದ ಜಲಾಶಯಗಳೆಲ್ಲ ತುಂಬಿವೆ ಅಂತ ಪೇಪರಿನಲ್ಲಿ ಬಂದರೆ ನಿಮ್ಮ ಬೋರ್‌ವೆಲ್‌ನಲ್ಲಿ ನೀರಿದೆ ಅಂತ ಅರ್ಥವಾ? ಹಾಗೇ ಇದು.

ಇನ್ನೊಂದು ಕಾರಣಕ್ಕೂ ಈ ದರ್ಜೆಯನ್ನು ಸರ್ಟಿಫಿಕೇಟ್ ಅಂದುಕೊಳ್ಳಬಾರದು. ನಮ್ಮ ರಾಜ್ಯಪಕ್ಷಿ ನೀಲಕಂಠ ಗೊತ್ತಲ್ಲ, ತಂತಿ ಮೇಲೆ ಕೂತು ಹೊಲದ ಮಿಡತೆ, ಜೀರುಂಡೆ ಹಿಡಿಯೋದು. 2023ರಲ್ಲಿ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ ಬಂದಾಗ ಅದು ಕೂಡ ಇದೇ "ಆತಂಕ ಬೇಡ" ದರ್ಜೆಯಲ್ಲೇ ಇತ್ತು. ಆ ವರದಿ ಲೆಕ್ಕ ಹಾಕಿ ನೋಡಿದರೆ ನೀಲಕಂಠವೂ ಸೇರಿ 14 ಜಾತಿಗಳು ಶೇಕಡ 30 ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದವು, ಇವುಗಳ ದರ್ಜೆಯನ್ನು ಮತ್ತೆ ಪರಿಶೀಲಿಸಬೇಕು ಅಂತ ಶಿಫಾರಸು ಮಾಡಬೇಕಾಯ್ತು. ಆತಂಕ ಬೇಡ ಅಂತ ಬರೆದಿದ್ದ ಕಾಲದಲ್ಲೇ ಅವು ಇಳೀತಾ ಇದ್ದವು ಅಂತಾಯ್ತು.

ಅದೇ ವರದಿ ಉಲಿಯಕ್ಕಿಯನ್ನು ಚೆನ್ನಾಗಿ ಬಾಳುತ್ತಿರುವ ಹಕ್ಕಿಗಳ ಸಾಲಿಗೆ ಸೇರಿಸಿದೆ. ನವಿಲು, ಕೋಗಿಲೆ, ಪಾರಿವಾಳದ ಜೊತೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹೆದರಿಸೋ ಕೆಲಸ ನಾನು ಮಾಡೋದಿಲ್ಲ. ವರದಿ ಒಟ್ಟು 942 ಜಾತಿಗಳನ್ನು ನೋಡಿದೆ. ಅದರಲ್ಲಿ ದೀರ್ಘಕಾಲದ ಲೆಕ್ಕ ಸಿಕ್ಕಿದ್ದು 338 ಜಾತಿಗಳಿಗೆ, ಆ 338ರಲ್ಲಿ ಶೇಕಡ 60 ಇಳಿದಿವೆ. ಬಯಲು ಸೀಮೆಯ ದೊಡ್ಡ ಬೂದು ಕಳಿಂಗ ಶೇಕಡ 80ಕ್ಕೂ ಹೆಚ್ಚು ಇಳಿದಿದೆ. ಅದೂ ಹುಳ, ಮಿಡತೆ, ಓತಿಕ್ಯಾತ ಹಿಡಿದು ಬದುಕೋ ಹಕ್ಕಿಯೇ. ಇಷ್ಟೆಲ್ಲ ಇಳಿದಿರುವಾಗ ಉಲಿಯಕ್ಕಿ ಹೇಗೆ ಗೆದ್ದಿತು?

ನನ್ನ ಅಭಿಪ್ರಾಯ ಹೇಳ್ತೀನಿ. ಉಲಿಯಕ್ಕಿ ಬಹಳ ಹೊಂದಾಣಿಕೆಯ ಹಕ್ಕಿ. ಅದಕ್ಕೆ ಕಾಡು ಬೇಡ, ದೊಡ್ಡ ಮರ ಬೇಡ. ಎದೆಯುದ್ದದ ಪೊದೆ, ಒಂದಿಷ್ಟು ಉದ್ದ ಹುಲ್ಲು, ಸಣ್ಣ ಹುಳ ಸಿಕ್ಕರೆ ಸಾಕು. ಬೆಂಗಳೂರಿನ ಮನೆ ಹಿಂದಿನ ದಾಸವಾಳದ ಗಿಡದಲ್ಲೂ, ಕಾಲೇಜಿನ ಕಾಂಪೌಂಡಿನಲ್ಲೂ, ಕೆರೆ ಏರಿಯ ಜೊಂಡಿನಲ್ಲೂ ಇದೆ. ಹಕ್ಕಿ ನೋಡಿ ಪಟ್ಟಿ ಮಾಡೋ ಹವ್ಯಾಸಿಗಳು ಹೆಚ್ಚು ಓಡಾಡೋದೂ ಅಂಥ ಕಡೆಯೇ. ಬೆಳಿಗ್ಗೆ ಆರು ಗಂಟೆಗೆ ಮೆಕ್ಕೆಜೋಳದ ಹೊಲಕ್ಕೆ ದುರ್ಬೀನು ಹಿಡಿದು ಬರೋರು ಎಷ್ಟು ಜನ? ಅವರ ತಪ್ಪಲ್ಲ ಇದು, ಆದರೆ ದೇಶದ ಲೆಕ್ಕ ಒಂದು ಕಡೆ, ಹೊಲದ ಲೆಕ್ಕ ಇನ್ನೊಂದು ಕಡೆ ಇರಬಹುದು ಅನ್ನೋದನ್ನು ಮರೀಬಾರದು. ಇಷ್ಟು ಕಡಿಮೆ ಕೇಳೋ ಹಕ್ಕಿಯೂ ಒಂದು ಹೊಲ ಬಿಟ್ಟು ಹೋಗ್ತದೆ ಅಂದರೆ ಆ ಹೊಲದಲ್ಲಿ ಏನೂ ಉಳಿದಿಲ್ಲ ಅಂತಲೇ ಅರ್ಥ.

ನಮ್ಮ ಹೊಲದ ಪಕ್ಕದಲ್ಲೇ ಇದನ್ನು ನೋಡಿದ್ದೀನಿ. ಪೂರ್ವದ ಬದುವಿಗೆ ಲಕ್ಕಿ, ಬಂದರಿಕೆ, ಕಳ್ಳಿ ಸೇರಿದ ಹಳೇ ಬೇಲಿ ಇತ್ತು, ನಮ್ಮದಲ್ಲ, ಆಚೆಯವರದು. ಒಂದು ಬೇಸಿಗೆ ಜೆಸಿಬಿ ತರಿಸಿ ಬುಡಸಮೇತ ಕಿತ್ತರು. ಕಲ್ಲುಕಂಬ ನಿಲ್ಲಿಸಿ ತಂತಿ ಎಳೆದರು. ಹಂದಿ ಕಾಟ ಇತ್ತು, ಅವರ ಕಷ್ಟ ನನಗೂ ಗೊತ್ತು. ಅದರ ಹಿಂದಿನ ಮಳೆಗಾಲದವರೆಗೆ ಆ ಬದುವಿನ ಉದ್ದಕ್ಕೆ ಎರಡು ಜೋಡಿ ಉಲಿಯಕ್ಕಿ ಕೂಗ್ತಿದ್ದವು. ಆ ವರ್ಷ ಒಂದೂ ಇಲ್ಲ. ಪಶ್ಚಿಮದ ನಮ್ಮ ಬೇಲಿಯಲ್ಲಿ ಎಂದಿನಂತೆ ಕೂಗಿದವು. ನಡುವೆ ಇನ್ನೂರು ಹೆಜ್ಜೆ ಕೂಡ ಇಲ್ಲ. ಇದು ಸಂಶೋಧನೆ ಅಲ್ಲ, ಒಂದು ಬದುವಿನ ಮಾತು. ಆದರೆ ಕೆಂಪು ಪಟ್ಟಿ ಈ ಬದಲಾವಣೆಯನ್ನು ಎಂದೂ ಹಿಡಿಯಲಾರದು, ಹಿಡಿಯೋದು ಅದರ ಕೆಲಸವೂ ಅಲ್ಲ.

ಸೈನಿಕ ಹುಳು ಮತ್ತು ಎಂಟ್ಹತ್ತು ಗ್ರಾಮಿನ ಹಕ್ಕಿ

ಈಗ ಮೆಕ್ಕೆಜೋಳಕ್ಕೆ ಬರೋಣ. ಈ ಫಾಲ್ ಸೈನಿಕ ಹುಳು ನಮ್ಮದಲ್ಲ, ಅಮೆರಿಕ ಖಂಡದ್ದು. ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಪತಂಗ ಎಲೆ ಮೇಲೆ ಗುಂಪಾಗಿ ಮೊಟ್ಟೆಯಿಟ್ಟು ಮೇಲೆ ತನ್ನ ಮೈಯ ಹುಡಿ ಹೊದಿಸ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬಂದು ಎಲೆಯ ಹಸಿರು ಕೆರೆದು ತಿನ್ನುತ್ತವೆ. ಎಲೆ ಮೇಲೆ ಕಾಗದದಂಥ ಬಿಳಿ ಕಿಟಕಿ ಕಾಣೋದು ಆಗಲೇ. ಇನ್ನು ಕೆಲವು ದಿನ ಕಳೆದರೆ ಹುಳ ಸುಳಿಯೊಳಗೆ ಇಳಿದು, ಮೇಲೆ ಲದ್ದಿಯ ಮುಚ್ಚಳ ಹಾಕಿಕೊಂಡು ಕೂತುಬಿಡ್ತದೆ. ಆಮೇಲೆ ನಮ್ಮ ಔಷಧಿ ತಲುಪೋದೂ ಕಷ್ಟ, ಹಕ್ಕಿಯ ಕೊಕ್ಕು ತಲುಪೋದೂ ಕಷ್ಟ.

ಹಾಗಾಗಿ ಉಲಿಯಕ್ಕಿ ಇದ್ದರೆ ಸೈನಿಕ ಹುಳು ನಿರ್ನಾಮ ಆಗ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ಸಿಗೋದು ಎಲೆ ಮೇಲೆ ಇರೋ ಎಳೆಯ ಹುಳ, ಸಣ್ಣ ಜೀರುಂಡೆ, ಇರುವೆ, ನೊಣ, ಜೇಡ. ಜೇಡ ನಮ್ಮ ಮಿತ್ರ, ಅದನ್ನೂ ತಿನ್ನುತ್ತದೆ. ಶತ್ರು ಯಾರು ಮಿತ್ರ ಯಾರು ಅಂತ ಕೇಳಿ ತಿನ್ನೋ ಹಕ್ಕಿ ಯಾವುದೂ ಇಲ್ಲ. 1912ರಲ್ಲೇ ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಕೇಂದ್ರದಿಂದ ಮೇಸನ್ ಮತ್ತು ಲೆಫ್ರಾಯ್ ಅನ್ನೋ ಇಬ್ಬರು ನಮ್ಮ ದೇಶದ ಹಕ್ಕಿಗಳು ಏನು ತಿನ್ನುತ್ತವೆ ಅಂತ ಅವುಗಳ ಹೊಟ್ಟೆ ಸೀಳಿ ನೋಡಿ ಪುಸ್ತಕ ಮಾಡಿದ್ದರು. ನೂರು ವರ್ಷದ ಹಿಂದೆ ಕೃಷಿ ಇಲಾಖೆಗೆ ಹಕ್ಕಿ ಅನ್ನೋದು ಬೆಳೆಯ ವಿಷಯ ಆಗಿತ್ತು. ಇವತ್ತು ಹಕ್ಕಿ ಅಂದರೆ ಅರಣ್ಯ ಇಲಾಖೆ ವಿಷಯ, ಹುಳ ಅಂದರೆ ಔಷಧಿ ಅಂಗಡಿ ವಿಷಯ ಆಗಿಬಿಟ್ಟಿದೆ. ನನಗೆ ಬೇಜಾರಿರೋದು ಇದರ ಬಗ್ಗೆಯೇ.

ಹಕ್ಕಿಯ ಕೆಲಸ ಇರೋದು ಬೇರೆ ಕಡೆ. ಹುಳ ಕಡಿಮೆ ಇದ್ದಾಗ ಅದು ಕಡಿಮೆಯಾಗೇ ಇರೋ ಹಾಗೆ ನೋಡಿಕೊಳ್ಳೋದು. ಒಂದು ಜೋಡಿ ನಾಲ್ಕು ಮರಿಗೆ ಬೆಳಗಿನಿಂದ ಸಂಜೆವರೆಗೆ ಹುಳ ಹೊತ್ತು ತರೋದನ್ನು ಒಂದು ದಿನ ಕೂತು ನೋಡಿ, ನಾನು ವಿವರಿಸೋದು ಬೇಕಾಗೋದಿಲ್ಲ. ಹುಳ ಮೇಲೆದ್ದು ಹೊಲವೆಲ್ಲ ಹರಡಿದ ಮೇಲೆ ಹಕ್ಕಿಯಿಂದ ಆಗೋದು ಅಷ್ಟಕ್ಕಷ್ಟೇ.

ಮೆಕ್ಕೆಜೋಳಕ್ಕೆ ಎಕರೆಗೆ ಹತ್ತು ಹಕ್ಕಿ ಕಂಬ ನೆಡಿ ಅಂತ ಶಿಫಾರಸು ಇದೆ, ಬೆಳೆ ಎಳೆಯದಿರುವಾಗ. ಒಳ್ಳೇದೇ, ಮಾಡಿ. ಕಾಜಾಣ, ಮೈನಾ ಬಂದು ಕೂರ್ತವೆ. ಆದರೆ ಟಿ ಆಕಾರದ ಕೋಲು ನೆಟ್ಟ ತಕ್ಷಣ "ಹಕ್ಕಿಗೆ ವ್ಯವಸ್ಥೆ ಆಯ್ತು" ಅಂತ ಕೈ ತೊಳೆದುಕೊಳ್ಳೋದು ಸರಿಯಲ್ಲ. ಉಲಿಯಕ್ಕಿ, ಸಿಂಪಿಗ ಇವೆಲ್ಲ ಬಯಲಿನ ಕಂಬದ ಮೇಲೆ ಕೂತು ಬೇಟೆಯಾಡೋ ಹಕ್ಕಿಗಳಲ್ಲ. ಇವು ಗಿಡದೊಳಗೆ ನುಸುಳಿ, ಎಲೆಯ ಅಡಿಭಾಗ ತಡಕಿ ತಿನ್ನೋವು. ಗಿಡುಗ ಬಂದರೆ ಒಂದು ಹಾರಿಗೆ ಪೊದೆ ಸಿಗಬೇಕು. ಇವಕ್ಕೆ ಬೇಕಾದ್ದು ಬೇಲಿ, ಕೋಲಲ್ಲ.

ಔಷಧಿ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಿತ್ತಿದ ಎರಡನೇ ವಾರದಿಂದಲೇ ವಾರಕ್ಕೆರಡು ಸಲ ಹೊಲದಲ್ಲಿ ಅಡ್ಡಾಡಿ, ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡಿ. ಮೊಟ್ಟೆ ಗುಂಪು ಕಂಡರೆ ಅಲ್ಲೇ ಹೊಸಕಿ. ನೂರಕ್ಕೆ ಐದು ಗಿಡದಲ್ಲಿ ಹಾನಿ ಕಂಡಾಗ ಶೇಕಡ 5ರ ಬೇವಿನ ಬೀಜದ ಕಷಾಯ, ಇಲ್ಲವೇ 1500 ಪಿಪಿಎಂ ಬೇವಿನ ಔಷಧಿ ಲೀಟರಿಗೆ 5 ಮಿಲಿ. ಹಾನಿ ನೂರಕ್ಕೆ ಹತ್ತು ದಾಟಿದ ಮೇಲೆ ಮಾತ್ರ ರಾಸಾಯನಿಕದ ಯೋಚನೆ ಮಾಡಿ. ಯಾವುದು, ಎಷ್ಟು ಅಂತ ನಿಮ್ಮ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಅಂಗಡಿಯವರನ್ನಲ್ಲ. ಹೊಡೆದರೂ ಸುಳಿಗೆ ಬೀಳೋ ಹಾಗೆ ಹೊಡೀರಿ, ಬದು ಮತ್ತು ಬೇಲಿಗೆ ನಳಿಕೆ ತಿರುಗಿಸಬೇಡಿ. "ಬೇಲಿಯಲ್ಲೂ ಹುಳ ಇರ್ತದೆ, ಅದಕ್ಕೂ ಒಂದು ಕೈ ಹೊಡೆದೆ" ಅನ್ನೋರು ಸಿಗ್ತಾರೆ. ಬೇಲಿಯಲ್ಲಿ ಇರೋದು ನಿಮ್ಮ ಹುಳಕ್ಕೆ ಮೊಟ್ಟೆಯಿಡೋ ಪರೋಪಜೀವಿ ಕಣಜ, ಗುಲಗಂಜಿ ಹುಳ, ಮತ್ತು ಹಕ್ಕಿ ಗೂಡು.

ಹಕ್ಕಿಗೆ ನೇರ ವಿಷ ತಾಗಲೇಬೇಕು ಅಂತಿಲ್ಲ. ಹುಳವೇ ಇಲ್ಲವಾದರೂ ಮರಿ ಸಾಯ್ತದೆ. ನೆದರ್ಲೆಂಡ್ಸ್‌ನಲ್ಲಿ ನಡೆದ ಒಂದು ಅಧ್ಯಯನ 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಕೆರೆ, ಕಾಲುವೆ ನೀರಿನಲ್ಲಿ ಇಮಿಡಾಕ್ಲೊಪ್ರಿಡ್ ಅಂಶ ಲೀಟರಿಗೆ 20 ನ್ಯಾನೊಗ್ರಾಂ ದಾಟಿದ ಕಡೆಗಳಲ್ಲಿ ಹುಳ ತಿನ್ನೋ ಹಕ್ಕಿಗಳು ವರ್ಷಕ್ಕೆ ಸರಾಸರಿ ಶೇಕಡ 3.5ರಷ್ಟು ಇಳೀತಿದ್ದವು. ನ್ಯಾನೊಗ್ರಾಂ ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ನಮ್ಮಲ್ಲಿ ಇದೇ ಇಮಿಡಾಕ್ಲೊಪ್ರಿಡ್ ಬೀಜೋಪಚಾರಕ್ಕೂ ಇದೆ, ಹತ್ತಿಯ ಜಿಗಿಹುಳಕ್ಕೂ ಇದೆ, ಗೆದ್ದಲಿಗೂ ಇದೆ. ಹಾಲೆಂಡಿನ ಲೆಕ್ಕವನ್ನು ಹಾಗೇ ಹಾವೇರಿಗೆ ಅಂಟಿಸೋಕೆ ಬರೋದಿಲ್ಲ, ಒಪ್ತೀನಿ. ಆದರೆ ವರ್ಷಕ್ಕೆ ಮೂರೂವರೆ ಅನ್ನೋದು ಕಣ್ಣಿಗೆ ಕಾಣದ ಇಳಿತ. ಇಪ್ಪತ್ತು ವರ್ಷಕ್ಕೆ ಅರ್ಧ ಹಕ್ಕಿ ಹೋಗಿರ್ತವೆ, ಯಾವ ವರ್ಷವೂ ಯಾರಿಗೂ ಏನೂ ಆದಂತೆ ಅನ್ನಿಸಿರೋದಿಲ್ಲ.

ಬೇಲಿಯ ಲೆಕ್ಕ

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತ ಗಾದೆ. ಈಗ ಹೊಲವೇ ಎದ್ದು ಬೇಲಿ ಮೇಯ್ದುಬಿಟ್ಟಿದೆ. ಟ್ರ್ಯಾಕ್ಟರ್ ತಿರುಗಿಸೋಕೆ ಜಾಗ ಬೇಕು, ಅಣ್ಣತಮ್ಮಂದಿರ ಪಾಲಾದ ಮೇಲೆ ಹೊಲವೇ ಕಿರಿದಾಯ್ತು, ಬೇಲಿ ಸವರೋಕೆ ಆಳು ಸಿಗೋದಿಲ್ಲ. ಜೆಸಿಬಿ ಒಂದು ಗಂಟೆಯಲ್ಲಿ ಮುಗಿಸಿ ಹೋಗ್ತದೆ. ಉಳಿದ ಹುಲ್ಲಿಗೆ ಗ್ಲೈಫೋಸೇಟ್. ಅದನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕು ಅಂತ 2022ರ ಅಕ್ಟೋಬರ್‌ನಲ್ಲೇ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಹಳ್ಳಿಯಲ್ಲಿ ಅದು ಎಷ್ಟು ನಡೀತಿದೆ ಅಂತ ನಿಮಗೇ ಗೊತ್ತು.

ದುಡ್ಡಿನ ಲೆಕ್ಕ ಹಾಕದೆ ಬೇಲಿ ಬಿಡಿ ಅನ್ನೋದು ನ್ಯಾಯವಲ್ಲ. ಹಾಕೋಣ. ನಾಲ್ಕು ಎಕರೆಯ ಚೌಕ ಹೊಲ ಅಂದರೆ ಒಂದು ಬದಿ ಸುಮಾರು 417 ಅಡಿ. ಒಂದು ಬದಿಗೆ ಐದು ಅಡಿ ಅಗಲದ ಬೇಲಿ ಬಿಟ್ಟರೆ ಹೋಗೋದು ಎರಡು ಗುಂಟೆಗಿಂತ ಸ್ವಲ್ಪ ಕಡಿಮೆ, 160 ಗುಂಟೆಯಲ್ಲಿ. ಎಕರೆಗೆ 20 ಕ್ವಿಂಟಲ್ ಇಳುವರಿ ಅಂತಿಟ್ಟುಕೊಂಡರೆ ಎರಡು ಗುಂಟೆಗೆ ಒಂದು ಕ್ವಿಂಟಲ್. 2025-26ರ ಬೆಂಬಲ ಬೆಲೆ 2,400 ರೂಪಾಯಿ. ಅದರಲ್ಲಿ ಬೀಜ, ಗೊಬ್ಬರ, ಕೂಲಿ ಕಳೆಯಿರಿ. ಬೇಲಿ ಪಕ್ಕದ ಒಂದೆರಡು ಸಾಲು ನೆರಳಿಗೆ ಸೊರಗ್ತವೆ, ಅದನ್ನೂ ಸೇರಿಸಿ. ಒಂದು ಬೆಳೆಗೆ ಇಷ್ಟು ನಷ್ಟ, ನಿಜ. ಇದಕ್ಕೆ ಎದುರಾಗಿ ಉಲಿಯಕ್ಕಿ ನಿಮಗೆ ಇಂತಿಷ್ಟು ರೂಪಾಯಿ ಉಳಿಸ್ತದೆ ಅಂತ ನಾನು ಲೆಕ್ಕ ಕೊಡೋದಿಲ್ಲ, ಕೊಟ್ಟರೆ ಅದು ಸುಳ್ಳಾಗ್ತದೆ. ಬೇಲಿಯಿಂದ ಬರೋದು ಹಕ್ಕಿಯೊಂದೇ ಅಲ್ಲ. ಗೊಬ್ಬರದ ಗಿಡ ನೆಟ್ಟರೆ ಹಸಿರೆಲೆ ಗೊಬ್ಬರ, ಆಡಿಗೆ ಸೊಪ್ಪು, ಗಾಳಿ ತಡೆ, ಬದು ಕೊಚ್ಚಿ ಹೋಗದ ಹಾಗೆ ಬೇರಿನ ಹಿಡಿತ, ಜೇನಿಗೆ ಹೂವು. ಇವೆಲ್ಲದರ ಜೊತೆ ಹಕ್ಕಿ ಪುಕ್ಕಟೆಯಾಗಿ ಬರ್ತದೆ.

ಇಲಿ, ಹಾವು ಸೇರ್ತವೆ ಅಂತ ಹೇಳ್ತಾರೆ. ಸೇರ್ತವೆ. ಹಾವಿಗೆ ಹೆದರಿ ಬೇಲಿ ತೆಗೆದ ಮೇಲೆ ಇಲಿ ಕಡಿಮೆಯಾದ ಹೊಲ ನಾನಂತೂ ನೋಡಿಲ್ಲ, ಬದುವಿನಲ್ಲೇ ಬಿಲ ತೋಡ್ತವೆ. ಹಂದಿಗೆ ತಂತಿ ಬೇಕಾದರೆ ಹಾಕಿ, ಅದರ ಒಳಗಡೆ ಬೇಲಿ ಇರಲಿ, ಎರಡಕ್ಕೂ ಜಗಳ ಇಲ್ಲ. ಹಕ್ಕಿ ಕಾಳು ತಿನ್ನುತ್ತದೆ ಅನ್ನೋರಿಗೆ ಒಂದೇ ಮಾತು, ಕೊಕ್ಕು ನೋಡಿ. ಕಾಳು ಒಡೆಯೋ ಹಕ್ಕಿಗೆ ಗಿಡ್ಡ ದಪ್ಪ ಕೊಕ್ಕು, ಗೀಜಗ, ರಾಟವಾಳದ ಹಾಗೆ. ಉಲಿಯಕ್ಕಿಯದು ಸೂಜಿ. ಸೂಜಿಯಲ್ಲಿ ಜೋಳ ಒಡೆಯೋಕಾಗಲ್ಲ.

ಕಾನೂನಿನ ವಿಚಿತ್ರವನ್ನೂ ಇಲ್ಲೇ ಹೇಳಿಬಿಡ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನೋ ಪದದ ಅರ್ಥದೊಳಗೇ ಕಾಡು ಹಕ್ಕಿಯ ಮೊಟ್ಟೆ ಹಾಳು ಮಾಡೋದು, ಗೂಡು ಕೆದಕೋದು ಸೇರಿದೆ. ಹುಡುಗನೊಬ್ಬ ಒಂದು ಗೂಡು ಕಿತ್ತರೆ ಅದು ಕಾಯ್ದೆಯ ಕಣ್ಣಿಗೆ ಬೀಳಬಹುದು. ಜುಲೈ ತಿಂಗಳಲ್ಲಿ ಜೆಸಿಬಿ ನಾನೂರು ಅಡಿ ಬೇಲಿ ಎತ್ತಿದರೆ ಅದು ಭೂಮಿ ಅಭಿವೃದ್ಧಿ ಅನ್ನಿಸಿಕೊಳ್ತದೆ. ಕಾನೂನು ತಂದು ಇದನ್ನು ಸರಿಮಾಡಿ ಅಂತ ನಾನು ಕೇಳೋದಿಲ್ಲ. ರೈತನ ಬದುವಿಗೆ ಇನ್ನೊಬ್ಬ ಅಧಿಕಾರಿ ಬಂದು ನಿಲ್ಲೋದು ಬೇಡ. ಇಲಾಖೆಯವರು ಸಮಗ್ರ ಕೀಟ ನಿರ್ವಹಣೆ ತರಬೇತಿಯಲ್ಲಿ ಹಕ್ಕಿ ಕಂಬದ ಜೊತೆ ಜೀವಂತ ಬೇಲಿಯ ಮಾತನ್ನೂ ಆಡಲಿ, ಲಕ್ಕಿ, ಬಂದರಿಕೆ, ಆವರಿಕೆ ಸಸಿಗಳನ್ನೂ ಸಾಗುವಾನಿ ಸಸಿ ಕೊಡೋ ಹಾಗೆ ಕೊಡಲಿ, ಅಷ್ಟು ಸಾಕು.

ಬೇಲಿ ಈಗಾಗಲೇ ಇರುವವರು ಮಾಡಬೇಕಾದ್ದು ಕಡಿಮೆ. ಸವರೋದನ್ನು ಫೆಬ್ರವರಿ-ಮಾರ್ಚ್‌ಗೆ ಇಟ್ಟುಕೊಳ್ಳಿ, ಜೂನ್ ಬಂದ ಮೇಲೆ ಸೆಪ್ಟೆಂಬರ್ ಕೊನೆವರೆಗೆ ಕತ್ತಿ ಮುಟ್ಟಿಸಬೇಡಿ. ಒಂದೇ ವರ್ಷ ನಾಲ್ಕೂ ಬದಿ ಬೋಳಿಸಬೇಡಿ, ವರ್ಷಕ್ಕೆ ಒಂದು ಬದಿ ಸಾಕು. ಬುಡದಲ್ಲಿ ಎರಡು ಅಡಿ ಹುಲ್ಲು ಹಾಗೇ ಇರಲಿ, ಗೂಡು ಅಲ್ಲೇ ಇರೋದು. ಲಂಟಾನ ಮಾತ್ರ ಹಬ್ಬೋಕೆ ಬಿಡಬೇಡಿ, ಅದು ಬೇಲಿಯನ್ನೂ ನುಂಗ್ತದೆ, ಹೊಲವನ್ನೂ ನುಂಗ್ತದೆ. ಒಂದೇ ಏಟಿಗೆ ಕೀಳದೆ ಸ್ವಲ್ಪ ಸ್ವಲ್ಪವಾಗಿ ಕಿತ್ತು ಆ ಜಾಗಕ್ಕೆ ಲಕ್ಕಿ ಕಡ್ಡಿ ನೆಡಿ. ಬೇಲಿ ಇಲ್ಲದವರು ಇದೇ ಮಳೆಯಲ್ಲಿ ಗೊಬ್ಬರದ ಗಿಡದ ಕಡ್ಡಿ ಮೂರು ಅಡಿಗೊಂದರಂತೆ ಊರಿ, ನಡುವೆ ಬಂದರಿಕೆ, ಆವರಿಕೆ ಬೀಜ ಚೆಲ್ಲಿ. ಗಡಿ ತಕರಾರು ಇರೋ ಕಡೆ ನಿಮ್ಮ ಬದಿಗೆ ಎರಡು ಅಡಿ ಒಳಗೆ ನೆಡೋದು ಒಳ್ಳೇದು.

ಇನ್ನು ಫೋನ್ ಮಾಡಿದ ಆ ಯುವಕರಿಗೆ ಮತ್ತು ಓದ್ತಿರೋ ಎಲ್ಲರಿಗೂ ಒಂದು ಕೆಲಸ. ಔಷಧಿ ಡಬ್ಬಿ ಬಿಚ್ಚೋ ಮೊದಲು ಒಂದು ದಿನ ಬೆಳಿಗ್ಗೆ ಏಳು ಗಂಟೆಯೊಳಗೆ ಬದುವಿನ ಮೇಲೆ ಒಂದು ಸುತ್ತು ಬನ್ನಿ. ಪ್ರತಿ ಬದಿಯಲ್ಲೂ ಐದು ನಿಮಿಷ ನಿಂತು ಕೇಳಿ. ಜಿಮ್ಮಿ-ಜಿಮ್ಮಿ ಎಷ್ಟು ಕಡೆಯಿಂದ ಬಂತು ಅಂತ ಔಷಧಿ ಹೊಡೆದ ದಿನ ಬರೆಯೋ ಅದೇ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ಮುಂದಿನ ವರ್ಷ ಇದೇ ವಾರ ಮತ್ತೆ ಬರೀರಿ. ಬಿತ್ತನೆ ತಡವಾಗಿ ಬೆಳೆ ಇನ್ನೂ ಗೇಣುದ್ದ ಇರುವವರಿಗೆ ಸುಳಿ ಕೊಳೆ ಮತ್ತು ಸತುವಿನ ಕೊರತೆ ಗುರುತಿಸೋದು ಹೇಗೆ ಅನ್ನೋದನ್ನು ಮುಂದಿನ ವಾರ ಬರೀತೀನಿ.